ಮುಂದಕ್ಕಷ್ಟೇ ಹೋಗುವ ಸೀಟು

ನಮ್ಮ ಕಡೆ ಸೀಟು ಕೂತವರದ್ದಲ್ಲ, ಟವೆಲ್ ಹಾಕಿದವರದ್ದು. ಆಳಂದ ಬಸ್ ಸ್ಟ್ಯಾಂಡಿನಲ್ಲಿ ನೀವು ಒಮ್ಮೆಯಾದರೂ ನಿಂತಿದ್ದರೆ ಈ ಕಾನೂನನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಗಳಿಂದ ಟವೆಲ್ಲು, ಕೈಚೀಲ, ಒಮ್ಮೊಮ್ಮೆ ಒಂಟಿ ಚಪ್ಪಲಿ ಒಳಗೆ ಬೀಳುತ್ತವೆ. ಅವುಗಳ ಒಡೆಯರು ಆಮೇಲೆ ಎಲೆ ಅಡಿಕೆ ಹಾಕಿಕೊಂಡು ಸಾವಕಾಶ ಹತ್ತುತ್ತಾರೆ. ಜಗಳಕ್ಕೇ ಹುಟ್ಟಿದವನೂ ಸೀಟಿನ ಮೇಲೆ ಟವೆಲ್ ಕಂಡರೆ ಮುಂದೆ ಸರಿಯುತ್ತಾನೆ. ಹಿರೋಳ್ಳಿಯಲ್ಲಿ ಹುಟ್ಟಿದ ನಾನು ಅಕ್ಷರ ಕಲಿಯುವ ಮೊದಲೇ ಟವೆಲ್ ಎಸೆಯುವುದನ್ನು ಕಲಿತಿದ್ದೆ.

ಮುಂದೆ ಅಕ್ಷರವನ್ನೂ ಕಲಿತು ಜೇವರ್ಗಿಯ ಕಾಲೇಜಿನಲ್ಲಿ ಇತಿಹಾಸದ ಮಾಸ್ತರನಾದೆ. ಇತಿಹಾಸವೆಂದರೆ ಬಹುಪಾಲು ಕೂಡುವ ಜಾಗದ ಕಥೆ. ಅಣ್ಣನನ್ನು ಎಬ್ಬಿಸಿ ತಮ್ಮ ಕೂತ, ತಮ್ಮನನ್ನು ಎಬ್ಬಿಸಿ ಅವನ ಮಗ ಕೂತ. ನಡುವೆ ಒಂದಿಷ್ಟು ಕೆರೆ ಕಟ್ಟಿಸಿದರು. ಒಂದು ಗಾದಿಗಾಗಿ ಇಷ್ಟೆಲ್ಲ ರಕ್ತ ಯಾಕೆ ಎಂದು ಹುಡುಗರ ಮುಂದೆ ನಗುತ್ತ ಪಾಠ ಮಾಡುತ್ತಿದ್ದೆ. ನನ್ನ ಮನೆಯ ಮುಂದೂ ಒಂದು ಗಾದಿ ಬಂದು ನಿಲ್ಲುವವರೆಗೆ ಆ ನಗು ಚೆನ್ನಾಗಿಯೇ ನಡೆದಿತ್ತು.

ತೊಂಬತ್ತರ ದಶಕದ ಮೊದಲಲ್ಲಿ ಅಫಜಲಪುರದ ಡಾಕ್ಟರೊಬ್ಬರಿಂದ ಹಳೆಯ ವ್ಯಾನೊಂದನ್ನು ಕೊಂಡೆವು. ಕೊಂಡದ್ದು ನನ್ನ ಹೆಂಡತಿ ಗಿರಿಜಾಳ ಸಲುವಾಗಿ. ಅವಳು ಇಜೇರಿಯ ಶಾಲೆಗೆ ಮುಖ್ಯೋಪಾಧ್ಯಾಯಿನಿ. ಶಾಲೆಯ ಬೀಗದ ಕೈ ಅವಳ ಚೀಲದಲ್ಲಿ. ಬಸ್ಸು ತಡವಾದರೆ ಮಕ್ಕಳು ಬಿಸಿಲಲ್ಲಿ. ತಾನೇ ಗಾಡಿ ಓಡಿಸಿಕೊಂಡು ಹೋಗಿ ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯಬೇಕು, ಅಷ್ಟೇ ಅವಳ ಆಸೆ. ಕರಜಗಿಯ ಕಬ್ಬಿನ ಹೊಲದಲ್ಲಿ ಅಪ್ಪನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳಿಗೆ ವ್ಯಾನು ಯಾವ ಲೆಕ್ಕ? ಲೈಸೆನ್ಸನ್ನೂ ನನಗಿಂತ ಮೊದಲೇ ತೆಗೆದವಳು.

ತೊಡಕು ಒಂದೇ. ನಾನು ಆರಡಿ, ಅವಳು ಐದಡಿಗೂ ಎರಡಿಂಚು ಕಡಿಮೆ. ಸೀಟು ನನ್ನ ಅಳತೆಗೆ ಹಿಂದೆ ಸರಿದು ಅಲ್ಲೇ ಕಚ್ಚಿಕೊಂಡಿತ್ತು. ಬೆನ್ನಿಗೆ ದಿಂಬು ಕೊಟ್ಟು ನೋಡಿದಳು. ಕ್ಲಚ್ ಒತ್ತಿದಾಗಲೆಲ್ಲ ದಿಂಬು ಸೀಟಿನ ಮೇಲೆ ಉಳಿಯುತ್ತಿತ್ತು, ಅವಳು ಕೆಳಗೆ ಜಾರುತ್ತಿದ್ದಳು. ಹೀಗಾಗಿ ನಾನೇ ದಿನಾ ಅವಳನ್ನು ಇಜೇರಿಗೆ ಬಿಟ್ಟು ಬರತೊಡಗಿದೆ. ಬಸ್ಸಿಗಿಂತ ನಾನೇನೂ ಬೇಗ ಹೊರಡುತ್ತಿರಲಿಲ್ಲ, ಮಕ್ಕಳು ಬಿಸಿಲಲ್ಲೇ ಇದ್ದರು.

ಈಗ ನಿಮಗೊಬ್ಬರಿಗೇ ಒಂದು ಮಾತು ಹೇಳುತ್ತೇನೆ. ವ್ಯಾನು ಬಂದ ದಿನ ಸೀಟು ಬೆಣ್ಣೆಯ ಹಾಗೆ ಜಾರುತ್ತಿತ್ತು. ಅಂದು ಗಿರಿಜಾ ನಮ್ಮ ಇಕ್ಕಟ್ಟಾದ ಓಣಿಯಿಂದ ವ್ಯಾನನ್ನು ಒಂದೇ ಬೀಸಿಗೆ ಹಿಂದಕ್ಕೆ ತೆಗೆದಳು. ಪಕ್ಕದ ಮನೆಯವರು, “ಮಾಸ್ತರ್, ನೀವೂ ಅಕ್ಕೋರ ಹಂತ್ಯಾಕ ಕಲ್ಕೋರಿ” ಎಂದರು. ನನಗೆ ಹೊಟ್ಟೆಕಿಚ್ಚಾಯಿತು. ಮೂರನೆಯ ದಿನ ಸೀಟು ಜಾರುವ ಹಳಿಯಲ್ಲಿ ಒಂದು ಬೋಲ್ಟು ತೂರಿಸಿ ಬಿಗಿದೆ. ಹಳಿಗೆ ತುಕ್ಕು, ಜಂಗು ಹಿಡಿದಿದೆ ಎಂದೆ. ಮಳೆ ಅಪರೂಪವಾದ ನಮ್ಮ ಊರಲ್ಲಿ ಮೂರು ದಿನಕ್ಕೆ ಜಂಗು ಹಿಡಿದದ್ದು ಹೇಗೆಂದು ಅವಳು ಕೇಳಲಿಲ್ಲ. ಕೇಳದಿದ್ದುದನ್ನು ನಾನು ನಂಬಿಕೆ ಎಂದುಕೊಂಡೆ.

ಆದರೂ ಅವಳು ಎಣ್ಣೆ ಬಿಡೋಣ, ಮಿಸ್ತ್ರಿಗೆ ತೋರಿಸೋಣ ಎಂದು ಬೆನ್ನು ಹತ್ತಿದಳು. ಸುಳ್ಳಿಗೆ ಕಾಲಿಲ್ಲ, ಊರುಗೋಲು ಕೊಡಬೇಕು. ಗುಲಬರ್ಗಾದ ಮದುವೆಯೊಂದರಲ್ಲಿ ಒಬ್ಬ ಶ್ರೀಮಂತರ ಪರದೇಶದ ಕಾರು ನೋಡಿದ್ದೆ. ಬಟನ್ ಒತ್ತಿದರೆ ಅದರ ಸೀಟು ತಾನೇ ಸರಿಯುತ್ತಿತ್ತು. ಅದನ್ನೇ ಹಿಡಿದುಕೊಂಡೆ.

“ಇದಕ್ಕ ಎಣ್ಣಿಗಿಣ್ಣಿ ನಡಿಯಂಗಿಲ್ಲ. ಮೋಟರ್ ಮ್ಯಾಲ ಸರಿಯೂ ಸೀಟೇ ಬೇಕು. ಅದು ಫಾರೆನ್ ಗಾಡ್ಯಾಗ ಅಷ್ಟ ಇರ್ತದ,” ಎಂದೆ.

“ಹಂಗಾದ್ರ ಅದನ್ನೇ ಹಾಕಸೂಣು ತಗೋರಿ,” ಎಂದಳು ಗಿರಿಜಾ.

ಮುಂದಿನ ಭಾನುವಾರ ನಾವು ಆಳಂದದ ಖಾಜಾ ಮಿಸ್ತ್ರಿಯ ಅಂಗಡಿಯ ಮುಂದಿದ್ದೆವು. ಹಾಳಾದ ಹೊಲಿಗೆ ಮಷಿನ್ನಿನಿಂದ ಕಬ್ಬಿನ ಹಾಲು ತೆಗೆಯುವ ಯಂತ್ರ ಮಾಡಿದ್ದ ಮನುಷ್ಯ ಅವನು. ಆಗುವುದಿಲ್ಲ ಎನ್ನುವ ಮಾತೇ ಅವನ ಬಾಯಲ್ಲಿ ಇರಲಿಲ್ಲ, ಅದೇ ನನ್ನ ಭಯ. “ಇದು ಆಗೂ ಮಾತಲ್ಲ, ಅಲ್ಲೇನು ಮಿಸ್ತ್ರಿ?” ಎಂದು ನಾನೇ ಉತ್ತರ ಹೇಳಿಕೊಟ್ಟೆ.

“ಯಾಕ ಆಗಂಗಿಲ್ರಿ ಮಾಸ್ತರ್? ವೈಪರ್ ಸರಿದಾಡ್ತದ ಇಲ್ಲ? ಅದೇ ಮೋಟರ್ ಬಿಚ್ಚಿ ಬುಡಕ ಹಚ್ಚಿದ್ರ ನೀವೂ ಸರಿದಾಡ್ತೀರಿ. ನಮ್ಮ ಕಡಿ ವೈಪರಿಗಿ ಕೆಲಸರ ಎಲ್ಲದ?”

ಅವನು ಸೀಟಿನ ಕೆಳಗೆ ತಲೆ ಹಾಕಿದ. ಹೊರಗೆ ಬಂದಾಗ ಅವನ ಅಂಗೈಯಲ್ಲಿ ನನ್ನ ಬೋಲ್ಟಿತ್ತು. ಅದನ್ನು ನೋಡಿದ, ನನ್ನನ್ನು ನೋಡಿದ. ಇಷ್ಟಕ್ಕೇ ಕೆಲಸ ಮುಗಿಯಿತು, ಇನ್ನು ಕೈಯಿಂದಲೇ ಸೀಟು ಜಾರುತ್ತದೆ ಎಂದು ಅವನು ಹೇಳಬಹುದಿತ್ತು. ಆದರೆ ಹೊಸ ಕೆಲಸದ ರುಚಿ ಹತ್ತಿದ ಕುಶಲಕರ್ಮಿ ಸುಮ್ಮನೆ ಬಿಡುವನೇ? ಬೋಲ್ಟನ್ನು ಅಂಗಿಯ ಜೇಬಿಗೆ ಇಳಿಸಿ, “ಜಂಗ್ ಭಾಳ ಅದರಿ ಅಕ್ಕೋರ,” ಎಂದ. ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ನೆಮ್ಮದಿಯಿಂದ ಎದುರಿನ ಹೋಟೆಲ್ಲಿಗೆ ಹೋಗಿ ಎರಡು ಸಲ ಚಹಾ ಕುಡಿದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಕೆಲಸ ಮುಗಿಯಿತು. ಹಳೆಯ ಜ್ಯಾಕಿನ ತಿರುಪಿನ ಸರಳಿಗೆ ವೈಪರಿನ ಮೋಟರು ಜೋಡಿಸಿ, ಮನೆಯ ಬಾಗಿಲಿಗೆ ಹಚ್ಚುವ ಕರೆಗಂಟೆಯ ಬಟನ್ ಇಟ್ಟಿದ್ದ. ಗಾದಿಯ ಒಡೆಯ ನಾನೇ ಮೊದಲು ಏರಿ ಕೂತು ಒತ್ತಿದೆ. ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತ ಸೀಟು ನಿಧಾನವಾಗಿ ಮುಂದೆ ಹೊರಟಿತು. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತು, ಎದೆ ಸ್ಟಿಯರಿಂಗಿಗೆ ಒತ್ತಿ ಹಾರ್ನ್ ಹೊಡೆದುಕೊಳ್ಳತೊಡಗಿತು. ಬಜಾರಿಗೆ ಬಂದ ಜನ ದಾರಿ ಬಿಟ್ಟು ನಿಂತು ನೋಡಿದರು.

“ಹಿಂದಕ್ಕ ತಗೋ ಮಾರಾಯ,” ಎಂದೆ ಹಾರ್ನಿನ ನಡುವೆ.

“ಹಿಂದಕ್ಕ ಹೋಗಂಗಿಲ್ರಿ. ಈ ಮೋಟರ್ ಒಂದೇ ಕಡಿ ತಿರಗ್ತದ. ಹಿಂದಕ್ಕ ಇನ್ನೊಂದು ಮೋಟರ್ ಬೇಕು. ಅಕ್ಕೋರು ಮುಂದ ಬರ್ಬೇಕು ಅಂದಿದ್ರು, ಹಿಂದ ಹೋಗೂದು ಯಾರೂ ಕೇಳಲಿಲ್ರಿ.”

ಇಬ್ಬರು ಸೇರಿ ನನ್ನನ್ನು ಹೊರಗೆಳೆದರು. ಗಿರಿಜಾ ಹತ್ತಿ ಕೂತಳು. ಅಳತೆ ತೆಗೆದು ಹೊಲಿಸಿದ ರವಿಕೆಯಂತೆ ಸೀಟು ಅವಳಿಗೆ ಕೂಡಿತ್ತು. ಗುಲಬರ್ಗಾ ದಾಟಿ ಜೇವರ್ಗಿಯವರೆಗೆ ಅವಳೇ ಓಡಿಸಿದಳು. ಎಡಗಡೆ ಕೂತ ನಾನು ದಾರಿಯುದ್ದಕ್ಕೂ, ನನ್ನ ಕಾಲ ಕೆಳಗೆ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಬಂದೆ. ಭೀಮಾ ಸೇತುವೆಯ ಮೇಲೆ ಬಂದಾಗ ಕಾಲು ತಾನಾಗಿ ಸಡಿಲಾಯಿತು. ಕೆಳಗೆ ಹೊಳೆ ಹರಿಯುತ್ತಿತ್ತು, ಸಂಜೆಯ ಬೆಳಕು ನೀರಿನ ಮೇಲಿತ್ತು. ಎಷ್ಟು ಸಲ ವ್ಯಾನು ತಂದರೂ ನಾನು ಈ ಹೊಳೆಯನ್ನು ಒಮ್ಮೆಯೂ ನೋಡಿರಲಿಲ್ಲ. ಗಾದಿಯ ಮೇಲಿದ್ದವನ ಕಣ್ಣು ರಸ್ತೆಯ ತಗ್ಗಿನ ಮೇಲೆಯೇ ಇರುತ್ತದೆ. ಅವಳು ನನಗಿಂತ ಚೆನ್ನಾಗಿ ಓಡಿಸುತ್ತಿದ್ದಳು. ಒಪ್ಪಿಕೊಳ್ಳಲು ಹೊಟ್ಟೆ ಉರಿಯಿತು, ಆದರೂ ಹಾಯೆನಿಸಿತು.

ಹುಟ್ಟುಗುಣ ಅಷ್ಟು ಬೇಗ ಹೋಗುವುದಿಲ್ಲ. ಮರುದಿನ ಬೆಳಿಗ್ಗೆ ಅವಳು ಜಡೆ ಹಾಕಿಕೊಳ್ಳುತ್ತಿದ್ದಾಗ, ಮೋಟರು ಬಿಚ್ಚಿ ಸೀಟನ್ನು ಹಿಂದೆ ತಳ್ಳೋಣವೆಂದು ಬೋಲ್ಟು ಬಿಚ್ಚುವ ಪಾನಾ ಹಿಡಿದು ಹೊರಗೆ ಬಂದೆ. ವ್ಯಾನಿನ ಬಾಗಿಲು ತೆರೆದೆ.

ಡ್ರೈವರ್ ಸೀಟಿನ ಮೇಲೆ ಒಂದು ಟವೆಲ್ ಹಾಸಿತ್ತು. ಗಾಳಿಗೆ ಹಾರದಿರಲೆಂದು ಅದರ ಮೇಲೆ ಒಂದು ಬೋಲ್ಟು ಇಟ್ಟಿತ್ತು. ಖಾಜಾನ ಜೇಬಿಗೆ ಇಳಿದಿದ್ದ ನನ್ನದೇ ಬೋಲ್ಟು.

“ಎಡಗಡಿ ಬಾಗಲಾ ತಗದೇನಿ, ಕುಂದರ್ರಿ. ಕಾಲೇಜಿನ ಮುಂದ ಇಳಿಸಿ ಹೋಗ್ತೇನಿ,” ಎಂದು ಮನೆಯೊಳಗಿನಿಂದ ಗಿರಿಜಾಳ ದನಿ ಬಂತು.

ಟವೆಲ್ ಬಿದ್ದ ಮೇಲೆ ನಮ್ಮ ಕಡೆ ಮಾತಿಗೆ ಜಾಗವಿಲ್ಲ. ಪಾನಾವನ್ನು ಜೇಬಿಗೆ ಇಳಿಸಿ, ಸುತ್ತು ಹಾಕಿ ಎಡಗಡೆ ಹೋಗಿ ಕೂತೆ. ಅಂದು ಇಜೇರಿಯ ಮಕ್ಕಳು ಬಿಸಿಲಲ್ಲಿ ನಿಲ್ಲಲಿಲ್ಲವಂತೆ.