ಶರ್ಟಿನ ಜೇಬಿನ ಎರಡು ಕಾರ್ಡು

ನಾನು ಕಡಲ ಕರೆಯ ಮನುಷ್ಯ. ಆದರೆ ನನಗೆ ನೀರೆಂದರೆ ಹೆದರಿಕೆ. ಈ ಒಂದು ವಾಕ್ಯ ಬರೆಯಲು ನನಗೆ ತಲೆ ಪೂರ್ತಿ ನರೆಯಬೇಕಾಯಿತು. ಬರೆಯಿಸಿದ್ದು ಒಂದು ಪ್ಲಾಸ್ಟಿಕ್ ಕಾರ್ಡು.

ಕಾಸರಗೋಡಿನ ಕಡೆ ನಮ್ಮ ಮನೆಗೂ ಶಾಲೆಗೂ ನಡುವೆ ಒಂದು ಹೊಳೆ. ದೋಣಿಯವನಿಗೆ ದಿನದಿನದ ಕಾಸು ಕೊಡುವ ಪದ್ಧತಿ ಇರಲಿಲ್ಲ. ಕೊಯ್ಲಿನ ಹೊತ್ತಿಗೆ ಮನೆಮನೆಯಿಂದ ಒಂದಿಷ್ಟು ಭತ್ತ ಅಳೆದರೆ ಆಯಿತು, ವರ್ಷವಿಡೀ ಮನೆಯವರು, ನೆಂಟರು, ಆಡಿನ ಮರಿ ಸಹಿತ ದಾಟಬಹುದು. ಆದ್ದರಿಂದ ಮುಂಗಡ ಹಣ ತುಂಬಿಸುವ ಪ್ರಯಾಣದ ಕಾರ್ಡು ಈ ಕಾಲದವರ ಬುದ್ಧಿ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ನಮ್ಮ ಮನೆಯ ಭತ್ತವೂ ಸಲ್ಲುತ್ತಿತ್ತು. ನಾನೊಬ್ಬ ಮಾತ್ರ ದೂರದ ಸೇತುವೆ ಸುತ್ತಿ ನಡೆದು ಹೋಗಿ, ತಡವಾದದ್ದಕ್ಕೆ ಮಾಸ್ಟ್ರ ಮುಂದೆ ಕೈ ಚಾಚಿ ಪೆಟ್ಟು ತಿನ್ನುತ್ತಿದ್ದೆ.

ಹತ್ತನೇ ತರಗತಿ ಮುಗಿಸಿ ಬ್ಯಾಂಕಿಗೆ ಸೇರಿದವನನ್ನು ಕೊಚ್ಚಿಗೆ ಹಾಕಿದರು. ಎತ್ತ ತಿರುಗಿದರೂ ನೀರಿರುವ ಊರು! ನಿವೃತ್ತನಾದರೂ ಇಲ್ಲೇ ಉಳಿದೆ. ಮೈಸೂರಿನವಳಾದ ನನ್ನ ಹೆಂಡತಿ ಪದ್ಮಳಿಗೆ ಮೊದಲಿನಿಂದಲೂ ಒಂದೇ ಆಸೆ: ಬೋಟು ಹತ್ತಿ ನೀರಿನಾಚೆಯ ವೈಪಿನ್ ದ್ವೀಪದ ಗೆಳತಿ ಮೇರಿಯ ಮನೆಗೆ ಹೋಗಬೇಕು. ಕಾರಣ ಹುಡುಕುವುದರಲ್ಲಿ ನಾನು ಗಟ್ಟಿಗ. ಕ್ಯೂ ಉದ್ದವಿದೆ ಎನ್ನುತ್ತಿದ್ದೆ, ಚಿಲ್ಲರೆ ಇಲ್ಲ ಎನ್ನುತ್ತಿದ್ದೆ, ಟಿಕೆಟ್ ಕೌಂಟರ್ ಎಲ್ಲಿದೆಯೋ ಯಾರಿಗೆ ಗೊತ್ತು ಎನ್ನುತ್ತಿದ್ದೆ.

ಹಾಗಿರುವಾಗ ತಿರುವನಂತಪುರದ ಶ್ರೀಕಾರ್ಯಂನಲ್ಲಿರುವ ಮಗಳು ನಮಗೆ ಒಂದೊಂದು ಕಾರ್ಡು ಮಾಡಿಸಿಕೊಟ್ಟಳು. ‘ಅಪ್ಪಾ, ಮೆಟ್ರೋ, ಬೋಟು, ಬಸ್ಸು ಎಲ್ಲದಕ್ಕೂ ಇದೇ ಸಾಕು, ಇಲ್ಲಿಯ ಬಸ್ಸಿಗೂ ಆಗುತ್ತದೆ’ ಎಂದು ಫೋನಿನಲ್ಲಿ ಹೇಳಿದಳು. ನನ್ನ ಕಾರಣಗಳೆಲ್ಲ ಒಂದೇ ಏಟಿಗೆ ನೆಲಕ್ಕೆ ಬಿದ್ದವು. ನಾನು ಫೋನಿಟ್ಟು ಪದ್ಮಳ ಹತ್ತಿರ, ‘ಇದು ಮೆಟ್ರೋ ರೈಲಿಗೆ ಮಾತ್ರ ಮಾರಾಯ್ತಿ’ ಎಂದೆ. ಕಳೆದುಹೋದೀತೆಂಬ ನೆಪದಲ್ಲಿ ಅವಳ ಕಾರ್ಡನ್ನೂ ನನ್ನ ಶರ್ಟಿನ ಜೇಬಿಗೆ ಸೇರಿಸಿದೆ. ಮೆಟ್ರೋ ಗೇಟಿನಲ್ಲಿ ನಾನೇ ತಾಗಿಸಿ ಅವಳನ್ನು ಒಳಗೆ ಬಿಡುತ್ತಿದ್ದೆ, ಹಿಂದೆಯೇ ನಾನು. ಅದರಲ್ಲೊಂದು ಗತ್ತೂ ಇತ್ತು ಅನ್ನಿ.

ಕೆಲವು ತಿಂಗಳ ಹಿಂದೆ ಮಗಳ ಮನೆಗೆ ಹೋದವರು, ಮೆಣಸು ಕೊಳ್ಳೋಣವೆಂದು ಚಾಲೈ ಪೇಟೆಗೆ ಬಸ್ಸು ಹತ್ತಿದೆವು. ನಾನು ದೊಡ್ಡ ನೋಟು ನೀಡಿದೆ. ಕಂಡಕ್ಟರ್ ಹುಡುಗಿ ನನ್ನ ತೆಳು ಶರ್ಟಿನ ಜೇಬು ನೋಡಿ ನಕ್ಕಳು.

‘ಪೋಕೆಟ್ಟಿಲ್ ಕಾರ್ಡ್ ಉಂಡಲ್ಲೋ ಅಪ್ಪೂಪ್ಪಾ! ಅದು ಮದಿ.’

ಜೇಬಿನಲ್ಲೇ ಕಾರ್ಡಿದೆಯಲ್ಲ ಅಜ್ಜಾ, ಅದೇ ಸಾಕು ಎಂದು ಅವಳ ಮಾತು. ಪದ್ಮಳಿಗೆ ನನಗಿಂತ ಚೆನ್ನಾಗಿ ಮಲಯಾಳ ಬರುತ್ತದೆ. ಅವಳು ಜೇಬಿಗೆ ಕೈ ಹಾಕಿ ಕಾರ್ಡು ತೆಗೆದು ಮಿಷನ್ನಿಗೆ ತಾಗಿಸಿದಳು. ಅದು ‘ಕೀಂ’ ಎಂದಿತು. ಅಷ್ಟು ಸಣ್ಣ ಯಂತ್ರ ಅಷ್ಟು ಜೋರಾಗಿ ಚಾಡಿ ಹೇಳಬಲ್ಲದೆಂದು ನನಗೆ ಗೊತ್ತಿರಲಿಲ್ಲ.

ಪೇಟೆಯಲ್ಲಿ ಇಳಿದ ಪದ್ಮ ಮೆಣಸಿನ ಅಂಗಡಿಯ ಮುಂದೆ ನಿಂತು ಕೇಳಿದಳು:

‘ರೀ, ರೈಲಿಗೆ ಮಾತ್ರ ಅಂದಿದ್ರಿ. ಬಸ್ಸಿಗೂ ಆಯ್ತು. ಬೋಟಿಗೂ ಆಗತ್ತೆ ತಾನೇ?’

ಘಾಟಿಗೋ ನಾಚಿಕೆಗೋ, ನನ್ನ ಕಣ್ಣಲ್ಲಿ ನೀರು. ಆ ಮೂಟೆಗಳ ನಡುವೆಯೇ ಹೊಳೆ, ಭತ್ತ, ಸೇತುವೆ, ಮಾಸ್ಟ್ರ ಬೆತ್ತ ಎಲ್ಲವನ್ನೂ ಒಪ್ಪಿಸಿ, ‘ನನಗೆ ನೀರೆಂದರೆ ಹೆದರಿಕೆ ಮಾರಾಯ್ತಿ’ ಎಂದೆ.

‘ಅದು ಮದುವೆ ಆದ ವರ್ಷವೇ ಗೊತ್ತಾಯ್ತು. ನಿಮ್ಮೂರಲ್ಲಿ ನಾನು ಬಾವಿ ನೀರು ಸೇದೋವಾಗ ನೀವು ತೆಂಗಿನಮರ ತಬ್ಕೊಂಡು ನಿಂತಿರ್ತಿದ್ರಿ. ನಿಮ್ಮನ್ನ ಬೋಟು ಹತ್ತಿ ಅಂದೋರು ಯಾರು? ನನ್ನ ಕಾರ್ಡು ನನಗೆ ಕೊಡಿ, ಸಾಕು.’

ಅವಳಿಗೆ ಬೇಕಿದ್ದದ್ದು ನನ್ನ ಧೈರ್ಯವಲ್ಲ! ಅವಳನ್ನು ನಾನು ದಡದಲ್ಲಿ ಕಟ್ಟಿಹಾಕಿದ್ದು ನೀರಿನ ಭಯಕ್ಕಲ್ಲ, ಆ ಭಯ ಅವಳಿಗೆ ತಿಳಿದೀತೆಂಬ ಭಯಕ್ಕೆ.

ಈಗ ಅವಳ ಕಾರ್ಡು ಅವಳ ಚೀಲದಲ್ಲಿದೆ. ವೈಪಿನಿಗೆ ಅವಳು ಬೋಟಿನಲ್ಲಿ ಹೋಗುತ್ತಾಳೆ. ನಾನು ಸೇತುವೆ ದಾಟುವ ಬಸ್ಸಿನಲ್ಲಿ, ಕಿಟಕಿಯ ಪಕ್ಕ ಬಿಟ್ಟು ಕೂತು ಹೋಗುತ್ತೇನೆ. ಟ್ರಾಫಿಕ್ಕಿನಲ್ಲಿ ಸಿಕ್ಕಿ ಏದುಸಿರು ಬಿಡುತ್ತ ಅಲ್ಲಿಯ ಬೋಟ್ ಜೆಟ್ಟಿ ತಲುಪುವಾಗ ಅವಳೂ ಮೇರಿಯೂ ಚಹಾದಂಗಡಿಯ ಬೆಂಚಿನಲ್ಲಿ ಕೂತು ಹರಟುತ್ತಿರುತ್ತಾರೆ.

‘ಇವತ್ತೂ ಲೇಟು’ ಎನ್ನುತ್ತಾಳೆ ಪದ್ಮ, ‘ಚಾಚಿ ಕೈ.’

ನಾನು ಚಾಚುತ್ತೇನೆ. ಅವಳು ಅಂಗೈ ಮೇಲೆ ಬಾಳೆಹಣ್ಣು ಕರಿದ ಒಂದು ಬಿಸಿ ಪಳಂಪೊರಿ ಇಡುತ್ತಾಳೆ.