ಎಡಕ್ಕೆ ಬಿದ್ದ ಹೂ

ನಮ್ಮ ಮನೆಗೆ ಕಾರು ಬಂದ ದಿನ ಅದಕ್ಕೆ ಆರತಿ ಎತ್ತಿದವಳು ನಾನು, ಚಕ್ರದಡಿ ನಿಂಬೆಹಣ್ಣು ಇಟ್ಟವಳೂ ನಾನೇ. ಆಮೇಲೆ ವರ್ಷಗಟ್ಟಲೆ ಯಾರಾದರೂ ಅದರಲ್ಲಿ ಕೂರಿಸಿಕೊಂಡು ಹೋಗಲಿ ಎಂದು ಕಾದವಳೂ ನಾನೇ. ಗಂಡನ ಮನೆ ಚನ್ನಗಿರಿ, ತವರು ಜಗಳೂರು. ಭಾರಿ ದೂರವೇನಲ್ಲ. ಆದರೆ ನಾನು ಹೊರಡಬೇಕೆಂದರೆ ನನ್ನ ಗಂಡನಿಗೆ ಪುರುಸೊತ್ತಾಗಬೇಕು. ಅವರದು ಅಡಿಕೆ ವ್ಯಾಪಾರ. ರೇಟು ಏರಿದರೂ ಅವರಿಗೆ ಪುರುಸೊತ್ತಿಲ್ಲ, ಇಳಿದರೆ ಕೇಳುವುದೇ ಬೇಡ.

ಬಸ್ಸಿಗೆ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಮೊದಲು ಹಾಗೇ ಹೋಗುತ್ತಿದ್ದೆ. ಮನೆ ಮುಂದೆ ಕಾರು ನಿಂತ ಮೇಲೆ ಸೊಸೆ ಬಸ್‌ಸ್ಟ್ಯಾಂಡಿನಲ್ಲಿ ನಿಂತರೆ ನಾಲ್ಕು ಜನ ಏನಂದಾರು ಎಂಬ ಚಿಂತೆ ಅತ್ತೆಗೆ ಹತ್ತಿತು. ಹೀಗೆ ಕಾರು ಬಂದ ಪುಣ್ಯಕ್ಕೆ ಇದ್ದ ಬಸ್ಸೂ ಕೈತಪ್ಪಿತು.

ಅವ್ವನಿಗೆ ಕಣ್ಣಿನ ಆಪರೇಷನ್ ಆಯಿತು. ಕಾರು ಶೆಡ್ಡಿನಲ್ಲಿ ತಣ್ಣಗೆ ನಿಂತಿತ್ತು. ‘ನಾಳೆ ಹೋಗಣ’, ‘ನಾಡಿದ್ದು ಗ್ಯಾರಂಟಿ’ ಎನ್ನುತ್ತಲೇ ದಿನ ಕಳೆದವು. ಕೊನೆಗೆ ನಾವು ಜಗಳೂರು ತಲುಪುವ ಹೊತ್ತಿಗೆ ಅವ್ವನ ಕಣ್ಣಿನ ಪಟ್ಟಿ ಬಿಚ್ಚಿಯಾಗಿತ್ತು. ‘ಬಿಡವ್ವ, ಅವರಿಗೂ ಕೆಲ್ಸ ಇರ್ತತೆ’ ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರು ಗೇರು ಹಾಕುವುದನ್ನೇ ನೋಡುತ್ತ ಕೂತೆ. ಈ ಕಾರನ್ನು ನಾನೇ ಓಡಿಸಿಕೊಂಡು ಜಗಳೂರಿಗೆ ಹೋಗಬೇಕು, ಒಬ್ಬಳೇ ಹೋಗಬೇಕು ಎಂದು ತೀರ್ಮಾನಿಸಿದೆ.

ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ‘ಸೀಸನ್ ಮುಗೀಲಿ, ನಾನೇ ಕಲಿಸ್ತೀನಿ’ ಎಂದರು. ಸೀಸನ್ ಮುಗಿಯಿತು, ಮಗಳ ಪರೀಕ್ಷೆ ಬಂತು. ಪರೀಕ್ಷೆ ಮುಗಿಯಿತು, ನಾದಿನಿಯ ಮನೆಯ ಮದುವೆ ಬಂತು. ಅಷ್ಟರಲ್ಲಿ ನನಗೂ ‘ಸೋಮವಾರದಿಂದ ಶುರು ಮಾಡಿದರಾಯಿತು’ ಎನ್ನುವ ಚಾಳಿ ಅಂಟಿತ್ತು. ಎಷ್ಟು ಸೋಮವಾರಗಳು ಹೋದವೋ! ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತಿದ್ದವಳು ಒಲೆ ಆರಿಸಿ, ಸೀದಾ ಡ್ರೈವಿಂಗ್ ಸ್ಕೂಲಿಗೆ ಹೋಗಿ ಹೆಸರು ಬರೆಸಿ ಬಂದೆ.

ಸುದ್ದಿ ಕೇಳಿದ ಅತ್ತೆ ಬೈಯಲಿಲ್ಲ. ‘ದೇವ್ರನ್ನ ಒಂದು ಮಾತು ಕೇಳಣ ಕಣವ್ವ’ ಎಂದರು. ನಮ್ಮ ಕಡೆ ಏನಾದರೂ ಶುರು ಮಾಡುವ ಮೊದಲು ಮನೆದೇವರಲ್ಲಿ ಹೂ ಕೇಳುತ್ತಾರೆ. ಪೂಜಾರಿ ಮೂರ್ತಿಯ ಎರಡೂ ಬದಿಗೆ ಒದ್ದೆ ಹೂ ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಆಗಬಹುದು ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ನನ್ನ ಕಾರಿನ ವಿಷಯಕ್ಕೆ ಎಡಗಡೆಯದು ಬಿತ್ತು.

‘ಮುಗೀತಲ್ಲ’ ಎಂದು ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು. ಗಂಡ ಚಪ್ಪಲಿ ಹುಡುಕತೊಡಗಿದರು. ನಾನು ಕೂತಲ್ಲಿಂದ ಏಳಲಿಲ್ಲ. ಹೋದ ಸಲ ತೋಟದಲ್ಲಿ ಬೋರ್ ಕೊರೆಸುವಾಗ ಇದೇ ಗುಡಿಯಲ್ಲಿ, ಇದೇ ದೇವರಲ್ಲಿ ಹೂ ಕೇಳಿದ್ದೆವು. ಆಗಲೂ ಎಡಕ್ಕೇ ಬಿದ್ದಿತ್ತು.

‘ಅವತ್ತು ಹೂ ಸರಿಯಾಗಿ ಅಂಟಿಲ್ಲ, ಇನ್ನೊಂದ್ಸಲ ಕೇಳ್ರಿ ಅಂದೋರು ಯಾರ್ರೀ?’ ಎಂದು ಗಂಡನನ್ನು ಕೇಳಿದೆ. ‘ಬಲಕ್ಕೆ ಬೀಳೋತನಕ ಕೇಳಿದ್ರಲ್ಲ. ನನಗೂ ಇನ್ನೊಂದ್ಸಲ ಕೇಳಿಸ್ರಿ.’

‘ಅದು ನೀರಿನ ವಿಷ್ಯ. ಇದಕ್ಕೆಲ್ಲ ದೇವ್ರನ್ನ ಪದೇಪದೇ ಕೇಳಾಕೆ ಆಗ್ತತೇನು?’ ಎಂದರು ಅತ್ತೆ.

ಪೂಜಾರಿ ನಮ್ಮ ಯಾರ ಮುಖವನ್ನೂ ನೋಡದೆ ಗಂಟೆ ಒರೆಸತೊಡಗಿದರು. ದೇವರ ಮೇಲೆ ನನಗೆ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ಬಂದದ್ದು ಇವರ ಮೇಲೆ. ತಮಗೆ ಬೇಕಾದಾಗ ದೇವರಿಗೇ ಮರೆವು ಎನ್ನುವ ಹಾಗೆ ಮತ್ತೆ ಮತ್ತೆ ಕೇಳುತ್ತಾರೆ. ನನ್ನ ಸರದಿ ಬಂದಾಗ ಒಂದೇ ಮಾತು, ಅದೂ ಕೊನೆಯ ಮಾತು! ಕೈಮುಗಿದು ಎದ್ದೆ. ಮಾರನೇ ದಿನ ಬೆಳಿಗ್ಗೆ ಕ್ಲಾಸಿಗೆ ಹೋದೆ.

ಕಲಿಯುವುದೇನೂ ಸಲೀಸಾಗಿರಲಿಲ್ಲ. ಕ್ಲಚ್ ಬಿಟ್ಟರೆ ಗಾಡಿ ಕಪ್ಪೆಯಂತೆ ಜಿಗಿಯುತ್ತಿತ್ತು. ಸಂತೆಯ ದಿನ ಸರ್ಕಲ್ಲಿನ ನಡುವೆ ಗಾಡಿ ಬಂದ್ ಬಿದ್ದಾಗ, ಅಲ್ಲಿದ್ದ ಗಂಡಸರೆಲ್ಲ ಒಂದೇ ಏಟಿಗೆ ಮೇಷ್ಟ್ರಾದರು. ‘ಅಕ್ಕಾ, ಹಿಂದಕ್ ತಗಳ್ರಿ!’ ‘ಬ್ರೇಕ್ ಒತ್ರಿ!’ ಸೈಕಲ್ ಕೂಡ ಸರಿಯಾಗಿ ಹೊಡೆಯಲು ಬಾರದ ಒಬ್ಬರಂತೂ ಕಿಟಕಿಯೊಳಗೆ ತಲೆ ತೂರಿಸಿ, ‘ಮನೇಲಿ ಗಂಡಸ್ರು ಯಾರೂ ಇಲ್ವಾ?’ ಎಂದರು. ಮನೆಗೆ ಬಂದು ಬಚ್ಚಲಲ್ಲಿ ಕೂತು ಅತ್ತುಬಿಟ್ಟೆ. ಆದರೆ ಮರುದಿನ ಹೋಗುವುದನ್ನು ತಪ್ಪಿಸಲಿಲ್ಲ. ಹೋಗುತ್ತ ಹೋಗುತ್ತ ಕಾಲಿಗೆ ತಾನಾಗಿ ತಿಳಿಯತೊಡಗಿತು.

ಲೈಸೆನ್ಸ್ ಬಂದ ವಾರ ಕೀಲಿಕೈ ತೆಗೆದುಕೊಂಡು, ‘ಜಗಳೂರಿಗೆ ಹೋಗಿ ಬರ್ತೀನಿ’ ಎಂದೆ. ಕೇಳಲಿಲ್ಲ, ಹೇಳಿದೆ. ಗಂಡ ಗೇಟಿನವರೆಗೂ ಬಂದು, ‘ಹುಷಾರು’ ಎಂದಷ್ಟೇ ಹೇಳಿದರು. ಕೆರೆಬಿಳಚಿ ದಾಟುವವರೆಗೂ ಮೂರನೇ ಗೇರಿನ ಮೇಲೆ ಹೋಗಲಿಲ್ಲ. ದಾವಣಗೆರೆ ದಾಟಿದ ಮೇಲೆ ಒಬ್ಬಳೇ ನಗತೊಡಗಿದೆ.

ಅವ್ವ ಬಾಗಿಲಿಗೆ ಬಂದವಳು ಕಾರಿನ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ಒಳಗೆಲ್ಲ ನೋಡಿದಳು.

‘ಯಾರು ಕರ್ಕಂಡು ಬಂದ್ರವ್ವ?’

‘ಯಾರೂ ಇಲ್ಲ. ನಾನೇ ಓಡಿಸ್ಕಂಡು ಬಂದೆ.’

ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದಳು, ‘ಗೋವಿನಕೋವಿಗೆ ಹೋಗಾಕೆ ಎಷ್ಟೊತ್ತು ಹಿಡಿತತೆ?’

ಗೋವಿನಕೋವಿ ಹೊನ್ನಾಳಿಯಾಚೆ. ಅಲ್ಲಿ ಅವಳ ತಂಗಿ ಇದ್ದಾಳೆ, ನನ್ನ ಚಿಕ್ಕಮ್ಮ. ಚಿಕ್ಕಪ್ಪ ತೀರಿಕೊಂಡಾಗ ಹೋಗಿ ಬಂದದ್ದೇ ಕೊನೆ. ಆಮೇಲೆ ಅಕ್ಕತಂಗಿಯರದು ಬರೀ ಫೋನಿನ ಮಾತು.

‘ಇಷ್ಟು ವರ್ಷ ಹೋಗ್ಬೇಕು ಅಂತ ಇತ್ತಾ? ನನಗೆ ಒಂದ್ಮಾತು ಹೇಳಬಾರದೇನವ್ವ?’ ಎಂದೆ. ದನಿ ಏರಿತ್ತು.

‘ನಿನಗೆ ಹೇಳಿದ್ರೆ ನೀನು ಯಾರಿಗೆ ಹೇಳ್ತಿದ್ದಿ?’ ಎಂದಳು.

ನಾನು ಕಾರಿನ ಬಾಗಿಲು ತೆಗೆದೆ. ಮನೆಯೊಳಗಿನಿಂದ ನನ್ನ ಅಣ್ಣ, ‘ಈಗ್ಯಾಕೆ ಅವಸರ? ಭಾನುವಾರ ನಾನೇ ಕರ್ಕಂಡು ಹೋಗ್ತೀನಿ’ ಎಂದ. ಅಷ್ಟರಲ್ಲಿ ಅವ್ವ ಕಾರು ಹತ್ತಿ ಬಾಗಿಲು ಎಳೆದುಕೊಂಡಿದ್ದಳು.