ಭವಾನಿಪುರದ ಸಾಲಿಗ್ರಾಮ

ವೇದವತಿಯಮ್ಮ ಮದುವೆಯಾಗಿ ಉಡುಪಿಯ ಕಡೆಯಿಂದ ಕಲ್ಕತ್ತೆಗೆ ಹೊರಟಾಗ, ಗಂಡ ವಿಷ್ಣುಮೂರ್ತಿ ಭಟ್ಟರು ರೈಲಿನಲ್ಲಿ ಒಂದು ತಾಮ್ರದ ಸಂಪುಟವನ್ನು ಮಡಿಲಿನಿಂದ ಇಳಿಸಲೇ ಇಲ್ಲ. ಅದರೊಳಗಿದ್ದದ್ದು ಅವರ ಅಜ್ಜ ಗಂಡಕಿ ನದಿಯಿಂದ ತಂದ ಸಾಲಿಗ್ರಾಮ. ಕಲ್ಕತ್ತೆಯ ಭವಾನಿಪುರದಲ್ಲಿ ಊಟದ ಮೆಸ್ ತೆರೆದ ಮೇಲೂ ಅದರ ಪೂಜೆಯಾಗದೆ ಭಟ್ಟರು ಏನನ್ನೂ ತಿನ್ನುತ್ತಿರಲಿಲ್ಲ. ಹೆಂಗಸರು ಅದನ್ನು ಮುಟ್ಟುವ ಪದ್ಧತಿ ಆ ಮನೆಯಲ್ಲಿಲ್ಲ. ವೇದವತಿಯಮ್ಮ ತಾರಸಿಯ ಮೇಲೆ ಎಣ್ಣೆ ಡಬ್ಬದಲ್ಲಿ ತುಳಸಿ ಬೆಳೆಸುವರು, ಪೂಜೆಯ ಪಾತ್ರೆ ಬೆಳಗುವರು, ಬಾಗಿಲ ಬಳಿ ಕೈಮುಗಿದು ನಿಲ್ಲುವರು. ಆ ಕಲ್ಲಿನ ಭಾರ ಎಷ್ಟೆಂದು ಅವರ ಕೈಗೆ ಗೊತ್ತಿರಲಿಲ್ಲ. ಆದರೂ ಈ ಪರವೂರಿನಲ್ಲಿ ತಮ್ಮದು ಎಂದು ಅವರಿಗೆ ಅನ್ನಿಸುತ್ತಿದ್ದದ್ದು ಅದೊಂದೇ.

ಮೆಟ್ರೋಗಾಗಿ ರಸ್ತೆಯನ್ನೆಲ್ಲ ಅಗೆದು ಹಾಕಿದ್ದ ವರ್ಷಗಳವು. ಮಳೆಗಾಲದಲ್ಲಿ ಗುಂಡಿಯ ಮೇಲಿನ ಹಲಗೆಯಲ್ಲಿ ಜಾರಿ ಬಿದ್ದು ಭಟ್ಟರ ಸೊಂಟದ ಮೂಳೆ ಮುರಿಯಿತು. ಪೂಜೆ ನಿಲ್ಲಬಾರದಲ್ಲ. ವೇದವತಿಯಮ್ಮನಿಗೆ ಪುರುಷೋತ್ತಮ ನೆನಪಾದ. ಕುಂದಾಪುರದ ಹುಡುಗ, ಉಪನಯನವಾದವನು, ಕಾಲೇಜೊಂದರಲ್ಲಿ ಭೂವಿಜ್ಞಾನದ ಸಂಶೋಧನೆ ಮಾಡುತ್ತಿದ್ದ. ಮೆಸ್ಸಿಗೆ ಊಟಕ್ಕೆ ಬಂದಾಗಲೆಲ್ಲ ಕಲ್ಲುಗಳ ಕತೆ ಹೇಳುವನು. ಕರೆಂಟು ಹೋದರೆ ಕತೆ ಇನ್ನಷ್ಟು ಉದ್ದವಾಗುವುದು. ಅವರು ಬೀಸಣಿಗೆ ಹಿಡಿದು ಕೇಳುತ್ತಾ ಕೂರುವರು.

“ಕಲ್ಲು ಅಂದರೆ ನಿನಗೆ ಭಕ್ತಿ ಉಂಟು ಮಾರಾಯ. ನೀನೇ ಮಾಡು,” ಎಂದು ಅವರೇ ಅವನನ್ನು ಪೂಜೆಗೆ ಕರೆದರು.

ಅವನು ದಿನವೂ ಮಿಂದು ಬಂದು ಪೂಜೆ ಮಾಡಿದ. ಕೆಲವು ವಾರಗಳಾದ ಮೇಲೆ ತೀರ್ಥ ಕಡಿಮೆಯಾಯಿತು. ಮೊದಲು ಶಂಖದಿಂದ ಧಾರೆಯಾಗಿ ನೀರೆರೆಯುತ್ತಿದ್ದವನು ಈಗ ತುಳಸಿದಳದಿಂದ ಹನಿ ಚಿಮುಕಿಸಿ ಮುಗಿಸುತ್ತಿದ್ದ. ಕಾಲೇಜಿಗೆ ಹೊತ್ತಾಗುತ್ತದೆ, ಪಾಪ, ಎಂದುಕೊಂಡ ವೇದವತಿಯಮ್ಮ ಅವನ ಎಲೆಗೆ ತುಪ್ಪ ಜಾಸ್ತಿ ಬಡಿಸಿದರು.

ಚಳಿಗಾಲಕ್ಕೆ ಭಟ್ಟರು ಎದ್ದು ಕೂತರು. ಏಕಾದಶಿಯ ಉಪವಾಸ ಮಾಡಿ, ದ್ವಾದಶಿಯ ಬೆಳಿಗ್ಗೆ ತಾವೇ ಪೂಜೆಗೆ ತೊಡಗಿದರು. ಹಾಲು, ತುಪ್ಪ, ಜೇನಿನ ಅಭಿಷೇಕವಾಯಿತು. ಜಿಡ್ಡು ಹೋಗಲೆಂದು ಬೆಚ್ಚಗಿನ ನೀರು ಹೊಯ್ದು ತಿಕ್ಕಿದಾಗ ಸಾಲಿಗ್ರಾಮ ಅವರ ಅಂಗೈಯಲ್ಲಿ ಎರಡು ಹೋಳಾಗಿ ತೆರೆದುಕೊಂಡಿತು. ಬಿದ್ದು ಒಡೆದದ್ದಲ್ಲ, ಗರಗಸದಿಂದ ಕೊಯ್ದು, ಉಜ್ಜಿ ನಯಮಾಡಿ, ಅಂಟು ಹಾಕಿ ಕೂಡಿಸಿದ್ದು. ಭಟ್ಟರು ಹೋಳುಗಳನ್ನು ಹಿಡಿದು ಕೂತೇ ಇದ್ದರು. ಪಾರಣೆಯ ಎಲೆ ಹಾಗೇ ಉಳಿಯಿತು.

ಊಟಕ್ಕೆ ಬಂದ ಪುರುಷೋತ್ತಮ ಸುಳ್ಳು ಹೇಳಲಿಲ್ಲ. ಹಿಮಾಲಯ ಏಳುವ ಮೊದಲು ಅಲ್ಲೊಂದು ಸಮುದ್ರವಿತ್ತು, ಇದು ಅದರಲ್ಲಿ ಬದುಕಿದ್ದ ಪ್ರಾಣಿಯ ಚಿಪ್ಪು ಎಂದ. ಅದಕ್ಕೂ ಎಷ್ಟೋ ಹಿಂದೆ ಭೂಮಿ ಕಾದು, ಕಡಲಿನ ಉಸಿರು ಕಟ್ಟಿ, ನೀರಿನ ಜೀವಜಾತಿಗಳು ಹೆಚ್ಚುಕಮ್ಮಿ ಎಲ್ಲವೂ ಅಳಿದಿದ್ದವಂತೆ. ಈ ಕುಲದಲ್ಲಿ ಒಂದೆರಡು ಬಗೆ ಹೇಗೋ ಉಳಿದವು. ಅವುಗಳಿಂದಲೇ ಕಡಲು ಮತ್ತೆ ತುಂಬಿತು. ಇನ್ನೊಂದು ಪ್ರಳಯ ಬಂತು, ಆಗಲೂ ಹಾಗೇ ಆಯಿತು. ಬಹಳ ಕಾಲದ ಮೇಲೆ, ಡೈನೋಸಾರುಗಳು ಅಳಿದಾಗ ಮಾತ್ರ ಈ ಕುಲ ಮತ್ತೆ ಚಿಗುರಲಿಲ್ಲ. ಈ ಮನೆಯ ಸಾಲಿಗ್ರಾಮ ಯಾವ ಕವಲಿನದೆಂದು ಒಳಗಿನ ಕೋಣೆಗಳನ್ನು ನೋಡಿದರೇ ಗೊತ್ತಾಗುವುದು, ಅದಕ್ಕೇ ಕಾಲೇಜಿಗೆ ಒಯ್ದು ಕೊಯ್ದೆ ಎಂದ.

ವೇದವತಿಯಮ್ಮ ಎಂದಿನಂತೆ ಕೊನೆಯವರೆಗೂ ಕೇಳಿದರು.

“ನಮ್ಮನ್ನೊಂದು ಮಾತು ಕೇಳಬಹುದಿತ್ತಲ್ಲ?”

“ಕೇಳಿದ್ರೆ ನೀವು ಬೇಡ ಅಂತಿದ್ರಿ ವೇದಕ್ಕ.”

“ಹೌದು, ಅಂತಿದ್ದೆ. ಅದು ನಿನಗೂ ಗೊತ್ತಿತ್ತು.” ಎಂದರು ವೇದವತಿಯಮ್ಮ. “ಅದರ ಕುಲ ಅಷ್ಟು ಪ್ರಳಯ ದಾಟಿ ಬಂತು ಅಂತೀಯ. ಅದನ್ನು ಕೊಯ್ಯುವ ಕೈಗೆ ಕರೆದು ಕೊಟ್ಟದ್ದು ನಾನು.”

ಭಟ್ಟರು, ಸಾಲಿಗ್ರಾಮ ಒಡೆದರೂ ಪೂಜೆಗೆ ದೋಷವಿಲ್ಲ ಎಂದು ಮೆಲ್ಲಗೆ ಹೇಳಿ, ಹೋಳುಗಳ ನಡುವೆ ಗಂಧ ಹಚ್ಚಿ, ಕೂಡಿಸಿ, ದಾರ ಸುತ್ತಿ ಪೂಜೆ ಮುಗಿಸಿದರು. ಪುರುಷೋತ್ತಮನೂ ಕೈಚಾಚಿದ. ಅವರು ತೀರ್ಥ ಕೊಟ್ಟರು.

ಅವನು ಆಮೇಲೂ ಊಟಕ್ಕೆ ಬಂದ. ವೇದವತಿಯಮ್ಮ ಎಲೆ ಹಾಕಿದರು, ಕಡಿಮೆ ಮಾಡದೆ ಬಡಿಸಿದರು. ಅವನು ಬೇರೆಯವರಿಗೆ ಕಲ್ಲಿನ ಕತೆ ತೆಗೆದರೆ ಒಳಗೆ ಹೋಗಿ ಒಲೆಯ ಮುಂದೆ ಕೂರುತ್ತಿದ್ದರು. ಕೆಲವು ದಿನಗಳಲ್ಲಿ ಅವನು ಊರಿನ ಇನ್ನೊಂದು ತುದಿಗೆ, ಡಮ್ ಡಮ್ ಕಡೆ, ಬೇರೆ ಕೋಣೆ ಹಿಡಿದ.

ಒಂದು ಬೆಳಿಗ್ಗೆ ಭಟ್ಟರು ದಾರ ಬಿಚ್ಚಿ ಹೆಂಡತಿಯನ್ನು ಕರೆದರು. ಒಳಗೆ ಸುರುಳಿಯಾಗಿ, ಒಂದಕ್ಕಿಂತ ಒಂದು ಚಿಕ್ಕ ಕೋಣೆಗಳು ಚಿನ್ನದಂತೆ ಹೊಳೆಯುತ್ತಿದ್ದವಂತೆ.

“ಮುಟ್ಟುವುದು ಬೇಡ, ದೂರದಿಂದ ಒಮ್ಮೆ ನೋಡು. ಚಂದ ಉಂಟು.”

ವೇದವತಿಯಮ್ಮ ಬಾಗಿಲಲ್ಲೇ ನಿಂತು ಕೈಮುಗಿದರು.

“ನೀವು ಮೊದಲು ದಾರ ಕಟ್ಟಿ,” ಎಂದರು. “ಆಮೇಲೆ ನೋಡುತ್ತೇನೆ.”